ಕರೆದರೆ ಬಂದೇಬಿಡುವ ಗಂಡಹೆಂಡತಿ

ಕಳೆದ ತಿಂಗಳು ಕೊಟ್ಟೂರಿನಲ್ಲಿ ನಡೆದ ನುಡಿನಮನದ ಸಭೆಯಲ್ಲಿ ಭಾಷಣಕಾರರೊಬ್ಬರು, ತೀರಿಕೊಂಡ ಅಕ್ಕೋರ ಬಗ್ಗೆ ಮಾತಾಡುತ್ತ ವಾಕ್ಯಕ್ಕೊಂದು 'ಪಾಪ' ಸೇರಿಸಿದರು. ಪಾಪ, ಗಂಡನಿಗೆ ಕಾಲಿಲ್ಲ. ಪಾಪ, ಹೆಂಡತಿಗೆ ಕಿಡ್ನಿ ಇರಲಿಲ್ಲ. ಪಾಪ, ಆದರೂ ಒಬ್ಬರಿಗೊಬ್ಬರು ಆಸರೆಯಾಗಿ ಹೇಗೋ ದಿನ ದೂಡಿದರು. ಮುಂದಿನ ಸಾಲಿನ ಪಕ್ಕದಲ್ಲಿ ತಮ್ಮ ಸ್ಕೂಟರಿನ ಮೇಲೆಯೇ ಕೂತಿದ್ದ ಅಕ್ಕೋರ ಯಜಮಾನರು ಅಲ್ಲಿಂದಲೇ ಹಾರನ್ ಒತ್ತಿದರು. ಸಭೆ ಬೆಚ್ಚಿಬಿತ್ತು.

"ದಿನ ದೂಡ್ಲಿಲ್ರಿ ಸಾಹೇಬ್ರ, ಗಾಡಿ ಓಡಿಸಿದ್ವಿ. ಹಂ, ಮುಂದ ಹೇಳ್ರಿ."

ಸಾಹೇಬರು ಕೈಯಲ್ಲಿದ್ದ ಚೀಟಿ ಮಡಚಿ ಕೂತರು. ಆಮೇಲೆ ನನ್ನ ಸರದಿ ಬಂತು. ನನಗೆ ಕೊಟ್ಟ ಎರಡು ನಿಮಿಷದಲ್ಲಿ ಒಂದು ನಿಮಿಷ ಮೈಕು ಕಿರುಚುವುದಕ್ಕೇ ಹೋಯಿತು. ಹಾಗಾಗಿ ಆಡಬೇಕಾದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಇಬ್ಬರ ಹೆಸರನ್ನೂ ಬರೆಯುವುದಿಲ್ಲ. ಯಜಮಾನರು ಕೊಟ್ಟೂರಿನಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟವರು. ಹೆಸರು ಅಚ್ಚಾದದ್ದು ಕಂಡರೆ ಕೆಂಪು ಪೆನ್ನು ಹಿಡಿದು ಅದರಲ್ಲೂ ತಪ್ಪು ಹುಡುಕುತ್ತಾರೆ. ಅವರನ್ನು ಪ್ರೆಸ್ಸಿನವರು ಅನ್ನುತ್ತೇನೆ. ಅವರ ಹೆಂಡತಿ ಅಂಗನವಾಡಿಯಲ್ಲಿ ಕಲಿಸುತ್ತಿದ್ದವರು, ಊರಿಗೆಲ್ಲ ಅಕ್ಕೋರು. ನನಗೂ ಅಷ್ಟೇ.

ನನ್ನ ವಿಷಯ ಹೇಳುವುದಾದರೆ, ನಾನು ಹರಪನಹಳ್ಳಿಯ ಒಂದು ಕಲ್ಯಾಣ ಮಂಟಪದ ಮ್ಯಾನೇಜರ್. ಒಂದು ಗೊಂಚಲು ಬೀಗದಕೈ, ಅಸಂಖ್ಯ ಪ್ಲಾಸ್ಟಿಕ್ ಕುರ್ಚಿ, ಸಾರಿನ ಕೊಳಗಗಳು ಮತ್ತು ಉಭಯ ಬೀಗರ ಮಾನ ಮರ್ಯಾದೆ ನನ್ನ ಸುಪರ್ದಿನಲ್ಲಿವೆ. ಮದುವೆಗೆ ಬರುವವರನ್ನು ನೋಡಿ ನೋಡಿ ನನಗೊಂದು ಜ್ಞಾನೋದಯವಾಗಿದೆ. ಜನ ಎರಡು ಥರ. ಕರೆದರೂ ಬರಲಾಗದೆ ನೆಪ ಹೇಳುವವರು, ಕರೆಯದಿದ್ದರೂ ಬಂದು ಉಣ್ಣುವವರು. ಈ ಗಂಡಹೆಂಡತಿ ಎರಡರಲ್ಲೂ ಸೇರಲಿಲ್ಲ. ಇವರು ಕರೆದರೆ ಬಂದೇಬಿಡುವವರು. ಅದು ಎಷ್ಟು ಅಪಾಯಕಾರಿ ಗುಣ ಎಂಬುದು ಕರೆದವರಿಗೆ ಆಮೇಲೆ ಗೊತ್ತಾಗುತ್ತಿತ್ತು.

ಲಗ್ನಪತ್ರಿಕೆ ಅಚ್ಚಾದ ಮೇಲೆ ಮೊದಲ ಕಟ್ಟಿನಲ್ಲಿ ಒಂದನ್ನು ದೇವರ ಮುಂದೆ ಇಟ್ಟು, ಇನ್ನೊಂದನ್ನು ಅಚ್ಚು ಹಾಕಿದವರಿಗೆ ಕೊಡುವುದು ನಮ್ಮ ಕಡೆಯ ರೂಢಿ. ದೇವರೂ ಬರುವುದಿಲ್ಲ, ಅಚ್ಚು ಹಾಕಿದವರೂ ಬರುವುದಿಲ್ಲ ಎಂಬ ಭರವಸೆಯ ಮೇಲೆ ನಡೆದುಬಂದ ರೂಢಿ ಅದು. ಪ್ರೆಸ್ಸಿನವರಿಗೆ ಪತ್ರಿಕೆ ಕೊಡುವವರಂತೂ ಅವರ ಕಾಲು ನೋಡಿ, ಒಳಗೆ ಮಲಗಿದ ಅಕ್ಕೋರನ್ನು ನೋಡಿ, ದನಿ ಇಳಿಸಿ ಹೇಳುತ್ತಿದ್ದರು:

"ನೀವು ಬರೋ ತ್ರಾಸ ತಗೋಬ್ಯಾಡ್ರಿ. ಇಲ್ಲಿಂದ್ಲೇ ಆಶೀರ್ವಾದ ಮಾಡಿಬಿಡ್ರಿ, ಸಾಕು."

"ಇಲ್ಲಿಂದ ಒಗದ್ರ ಅಷ್ಟು ದೂರ ಮುಟ್ಟಂಗಿಲ್ರಿ," ಎನ್ನುತ್ತಿದ್ದರು ಪ್ರೆಸ್ಸಿನವರು. "ಬರ್ತೀವಿ ತಗೋರಿ."

ಬರುತ್ತಿದ್ದರು. ಕೂಡ್ಲಿಗಿಯಾಗಲಿ, ಹಡಗಲಿಯಾಗಲಿ, ಹಗರಿಬೊಮ್ಮನಹಳ್ಳಿಯಾಗಲಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಒಂದೊಂದು ಗಾಲಿ ಕೂಡಿಸಿದ ಸ್ಕೂಟರ್ ಮೇಲೆ. ಮುಂದೆ ಅವರು, ಹಿಂದೆ ಅಕ್ಕೋರು, ಪಕ್ಕಕ್ಕೆ ಹಗ್ಗ ಬಿಗಿದ ಒಂದು ಉದ್ದನೆಯ ಹಲಗೆ. ಆ ಹಲಗೆಯ ಪರಿಚಯ ನನಗೆ ಆದದ್ದು ನಮ್ಮ ಮಂಟಪದ ಮೆಟ್ಟಿಲ ಮೇಲೆ. ಒಂದು ಮದುವೆಯ ದಿನ ಅಕ್ಕೋರು ಇಳಿದು, ಹಲಗೆ ಬಿಚ್ಚಿ, ಮೆಟ್ಟಿಲಿಗೆ ಆನಿಸಿದರು. ನಾನು ಅಡಿಗೆಯವರ ಜೊತೆ ಜಗಳ ಮುಗಿಸಿ ಹೊರಗೆ ಬರುವಷ್ಟರಲ್ಲಿ ಸ್ಕೂಟರು ಅರ್ಧ ಏರಿತ್ತು.

"ಯಜಮಾನ್ರ! ಗಾಡಿ ಒಳಗ ತರಂಗಿಲ್ರಿ!"

"ಇದು ಗಾಡಿ ಅಲ್ರಿ. ಕಾಲು."

"ಗಾಡಿ ಹೊರಗ ಬಿಡಬೇಕಂತ ರೂಲ್ಸ್ ಐತ್ರಿ."

"ಹೌದಾ? ಹಂಗಾದ್ರ ಮೊದ್ಲು ನಿಮ್ಮ ಕಾಲು ಹೊರಗ ಚಪ್ಪಲಿ ಜೋಡಿ ಬಿಡ್ರಿ. ಆಮ್ಯಾಲೆ ನನ್ನವು ಬಿಡ್ತೀನಿ."

ನಾನು ನನ್ನ ಕಾಲುಗಳನ್ನು ನೋಡಿಕೊಂಡೆ. ಬಿಡುವ ಹಾಗಿರಲಿಲ್ಲ. ಸ್ಕೂಟರು ಹಾಲಿನ ನಡುವೆ ಸವಾರಿ ಹೋಗಿ ವೇದಿಕೆಯ ಬುಡದಲ್ಲಿ ನಿಂತಿತು. ಮದುಮಗ, ತನಗಿಂತ ಗತ್ತಿನಿಂದ ಬಂದವರು ಯಾರೆಂದು ತಿಳಿಯದೆ, ಎದ್ದು ಕೈ ಮುಗಿದ. ಮರುವಾರವೇ ನಮ್ಮ ಆಡಳಿತ ಮಂಡಳಿಯ ಸಭೆಯಲ್ಲಿ ಮೆಟ್ಟಿಲ ಪಕ್ಕ ಇಳಿಜಾರು ಕಟ್ಟಿಸುವ ವಿಷಯ ಇಟ್ಟೆ. ಸರ್ವಾನುಮತದಿಂದ ಮುಂದಿನ ಸಭೆಗೆ ಮುಂದೂಡಲಾಯಿತು. ಈಗಲೂ ಅದು ಮುಂದಿನ ಸಭೆಯಲ್ಲೇ ಇದೆ.

ಅಕ್ಕೋರಿಗೆ ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಕೊಟ್ಟೂರಿನಿಂದ ಅದೇ ಸ್ಕೂಟರ್ ಮೇಲೆ ಬಂದು, ಮುಗಿಸಿಕೊಂಡು, ತಲೆ ತಿರುಗುವುದು ನಿಲ್ಲುವವರೆಗೆ ನಮ್ಮ ಮಂಟಪದ ಊಟದ ಹಾಲಿನ ಬೆಂಚಿನ ಮೇಲೆ ಫ್ಯಾನಿನ ಕೆಳಗೆ ಮಲಗುತ್ತಿದ್ದರು. ಹಾಗೆ ನಮ್ಮ ಸ್ನೇಹ ಬೆಳೆಯಿತು. ರಕ್ತ ತೊಳೆಯುವ ಯಂತ್ರಕ್ಕೆ ಜೋಡಿಸಲಿಕ್ಕೆಂದು ಅವರ ಎಡಗೈಯಲ್ಲಿ ನರ ಕೂಡಿಸಿದ್ದರು. ಅಲ್ಲಿ ಉಬ್ಬಿಕೊಂಡು, ಮುಟ್ಟಿದರೆ ಒಳಗೆ ಜುಂ ಎನ್ನುತ್ತಿತ್ತು. ಬೇರೆಯವರಾದರೆ ಸೆರಗು ಹೊದ್ದುಕೊಳ್ಳುತ್ತಿದ್ದರು. ಅಕ್ಕೋರು ಮದುವೆಗೆ ಬಂದ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಮುಟ್ಟಿಸುತ್ತಿದ್ದರು. "ಮುಟ್ಟು ಮುಟ್ಟು, ಒಳಗ ರೈಲು ಹೊಂಟೈತಿ." ಮಕ್ಕಳು ಊಟ ಬಿಟ್ಟು ಎರಡನೇ ಸಲ ಸಾಲಿಗೆ ನಿಲ್ಲುತ್ತಿದ್ದವು.

ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಹೇಳಿದ್ದರು. ಅದಕ್ಕೊಂದು ಪುಟ್ಟ ಸ್ಟೀಲ್ ಲೋಟ. ಬಾಳೆಹಣ್ಣು, ಎಳನೀರು, ಉಪ್ಪಿನಕಾಯಿ ಯಾವುದೂ ಇಲ್ಲ. ನಮ್ಮ ಕಡೆ ಮದುವೆಯ ಪಂಕ್ತಿಯಲ್ಲಿ ಬ್ಯಾಡ ಎಂದರೆ ಬಡಿಸುವವನು ಎರಡು ಹಾಕುತ್ತಾನೆ. ಅಕ್ಕೋರು ಎಲೆಯ ಮೇಲೆ ಅಡ್ಡ ಕೈ ಇಟ್ಟು, ಅಂಗನವಾಡಿಯ ಕಣ್ಣು ಬಿಟ್ಟು ನೋಡುತ್ತಿದ್ದರು. ದೊಡ್ಡ ದೊಡ್ಡ ಮೀಸೆಯವರು ಸೌಟು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. "ಹೋಳಿಗಿ ಒಂದು ಹಾಕು. ಅರ್ಧ ಅಲ್ಲ, ಪೂರಾ ಹಾಕು. ಬಿಡೂದು ನಾನು ಬಿಟ್ಟೀನಿ, ನೀ ಯಾಕ ಹಿಡೀತಿ?"

ಮುಹೂರ್ತ ನೋಡುವಾಗ ಅವರು ರಾಹುಕಾಲ, ಗುಳಿಕಕಾಲದ ಜೊತೆಗೆ ಡಯಾಲಿಸಿಸ್ ಕಾಲವನ್ನೂ ನೋಡುತ್ತಿದ್ದರು. ಗುರುವಾರದ ಮದುವೆಯಾದರೆ ಆಸ್ಪತ್ರೆಯ ನರ್ಸಮ್ಮನ ಹತ್ತಿರ ಮಾತಾಡಿ ಮಧ್ಯಾಹ್ನದ ಪಾಳಿ ಹಿಡಿಯುವುದು. ದೂರದ ಊರಾದರೆ ಮೊದಲು ಆ ಊರಿನ ಆಸ್ಪತ್ರೆಗೆ ಫೋನು, ಆಮೇಲೆ ಮದುವೆ ಮನೆಗೆ. ಒಮ್ಮೆ ಹಗರಿಬೊಮ್ಮನಹಳ್ಳಿಯಲ್ಲಿ ಎದುರುಬದುರು ಎರಡು ಮಂಟಪದಲ್ಲಿ ಎರಡು ಮದುವೆ. ಇವರು ಗಡಿಬಿಡಿಯಲ್ಲಿ ಹಲಗೆ ಹಚ್ಚಿ ಏರಿದ್ದು ಎದುರಿನ ಮಂಟಪಕ್ಕೆ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರೆಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ಕಡೆಯವರೆಂದುಕೊಂಡರು. ಅಕ್ಷತೆ ಹಾಕಿ, ಫೋಟೋಕ್ಕೆ ನಿಂತು, ಉಂಡು ಕೈ ತೊಳೆಯುವಾಗ ಗೊತ್ತಾಯಿತು. ಪ್ರೆಸ್ಸಿನವರು ಏನೂ ಆಗಿಲ್ಲವೆಂಬಂತೆ ರಸ್ತೆ ದಾಟಿ ಸರಿಯಾದ ಮದುವೆಗೂ ಹೋದರು. ಎರಡನೇ ಊಟ ಮಾಡಿದಿರಾ ಎಂದು ಕೇಳಿದ್ದಕ್ಕೆ, "ಕರದೋರಿಗೆ ಬ್ಯಾಸರ ಆಗಬಾರದಲ್ರಿ," ಎಂದರು.

ಸುಗ್ಗಿಯಲ್ಲಿ ನಮ್ಮ ರಸ್ತೆಗಳ ಅರ್ಧ ಮೆಕ್ಕೆಜೋಳದ ಕಣ. ಉಳಿದ ಅರ್ಧದಲ್ಲಿ ಬಸ್ಸು. ಇವರದು ಅಗಲದ ಗಾಡಿ, ಒಂದು ಗಾಲಿ ಕಾಳಿನ ಮೇಲೆ ಹೋಗಲೇಬೇಕು. ಒಂದು ಸಲ ಕಾಳು ಕೂಡಿಸುತ್ತಿದ್ದ ಹೆಂಗಸೊಬ್ಬಳು ಕಸಬರಿಗೆ ಎತ್ತಿಕೊಂಡು ಬಂದಳಂತೆ. "ಕಣ್ಣು ಕಾಣ್ತಾವೋ ಇಲ್ಲೋ?" ಅಂತ. "ಕಣ್ಣು ಕಾಣ್ತಾವ ತಾಯಿ, ನಮಗ ಇಲ್ಲದ್ದು ಬ್ಯಾರೇದು," ಎಂದರಂತೆ ಇವರು. ಆಕೆ ನಕ್ಕು, ನೆರಳಿಗೆ ಕೂಡಿಸಿ ಚಹ ಮಾಡಿಕೊಟ್ಟು, ಮಗಳ ಮದುವೆಗೆ ಕರೆದಳಂತೆ. ಅದಕ್ಕೂ ಹೋದರು ಎಂದು ಬೇರೆ ಹೇಳಬೇಕೆ?

ಇಂಥವರನ್ನು ಒಂದು ಮದುವೆಗೆ ಕರೆಯಲಿಲ್ಲ. ಅದೂ ಅಕ್ಕೋರ ಸ್ವಂತ ತಂಗಿಯ ಮಗಳ ಮದುವೆಗೆ.

ಆ ಹುಡುಗಿ ಹಿರೇಹಡಗಲಿಯವಳು. ಪಿಯುಸಿ ಎರಡು ವರ್ಷ ಓದಿದ್ದು ಕೊಟ್ಟೂರಿನಲ್ಲಿ, ದೊಡ್ಡವ್ವನ ಮನೆಯಲ್ಲಿದ್ದುಕೊಂಡು. ಮಕ್ಕಳಿಲ್ಲದ ಮನೆಯಲ್ಲಿ ಅವಳೇ ಮಗಳು. ಮದುವೆ ನಮ್ಮ ಮಂಟಪದಲ್ಲಿ ಎಂದು ಗೊತ್ತಾಯಿತು. ಪತ್ರಿಕೆ ಮಾತ್ರ ದಾವಣಗೆರೆಯಲ್ಲಿ ಅಚ್ಚಾಗಿತ್ತು. ಹಾಲಿನ ಬಾಕಿ ಬಾಡಿಗೆ ಕಟ್ಟಲು ಬಂದ ಹುಡುಗಿಯ ಅಪ್ಪ, ಕೆಲಸ ಮುಗಿದ ಮೇಲೂ ಏಳದೆ, ಬಾಗಿಲ ಕಡೆ ನೋಡಿ ಕುರ್ಚಿ ಹತ್ತಿರ ಎಳೆದುಕೊಂಡ.

"ಮ್ಯಾನೇಜರ್ರ, ಒಂದು ಮಾತು. ನಮ್ಮ ಷಡ್ಡಕ, ಆ ಪ್ರೆಸ್ಸಿನವರು, ಗಂಡಹೆಂಡ್ತಿ ಬಂದ್ರೂ ಬರಬಹುದು. ಏನರ ಹೇಳಿ ಹೊರಗ ನಿಲ್ಲಸ್ರಿ."

"ಯಾಕ್ರಿ?"

"ಗಂಡಿನ ಕಡಿಯೋರು ದಾವಣಗೆರೆ ಮಂದಿ. ನಮ್ಮಾಕಿ ಅಕ್ಕನ ರೋಗ ಕಂಡ್ರ, ಇದು ಮನಿತನದಾಗ ಐತಿ, ನಾಳೆ ಹುಡುಗಿಗೂ ಬರ್ತೈತಿ ಅಂತಾರ. ಸಂಬಂಧ ಮುರೀತೈತ್ರಿ."

ನಾನು ಗೋಡೆಗೆ ಹಾಕಿದ ನಿಯಮಾವಳಿಯ ಬೋರ್ಡು ತೋರಿಸಿದೆ. "ಓದ್ರಿ. ಮದ್ಯಪಾನ ನಿಷೇಧ ಐತಿ, ಜೂಜು ನಿಷೇಧ ಐತಿ, ಪಟಾಕಿ ನಿಷೇಧ ಐತಿ. ದೊಡ್ಡವ್ವ ನಿಷೇಧ ಅಂತ ಎಲ್ಲರ ಐತೇನ್ರಿ?"

ಆತ ಓದಿ ನೋಡಿದ. ನಿಜವಾಗಿಯೂ ಓದಿ ನೋಡಿದ. ಆಮೇಲೆ ಎದ್ದು ಹೋದ.

ಇದನ್ನು ಅಕ್ಕೋರಿಗೆ ಹೇಗೆ ಹೇಳುವುದೆಂದು ನಾನು ಒದ್ದಾಡುತ್ತಿದ್ದೆ. ಹೇಳುವ ಅಗತ್ಯವೇ ಬೀಳಲಿಲ್ಲ. ಮುಂದಿನ ಸೋಮವಾರ ಬೆಂಚಿನ ಮೇಲೆ ಮಲಗಿಕೊಂಡೇ ಅವರು, "ಹುಡುಗಿ ಫೋನ್ ಮಾಡಿದ್ಳು," ಎಂದರು. "ಅವ್ವ ಅಪ್ಪ ಕರಿಯಂಗಿಲ್ಲ, ನಾ ಕರೀತೀನಿ ದೊಡ್ಡವ್ವ, ಬಾ ಅಂದ್ಳು. ಅಳಾಕ್ಹತ್ತಿದ್ಳು."

ನಾನು ಪ್ರೆಸ್ಸಿನವರ ಕಡೆ ನೋಡಿದೆ. ಈಗ ಹಾರನ್ ಒತ್ತುತ್ತಾರೆ ಎಂದುಕೊಂಡೆ. ಅವರು ಹಲಗೆಯ ಹಗ್ಗ ಬಿಚ್ಚಿ ಮತ್ತೆ ಕಟ್ಟುತ್ತ ಕೂತಿದ್ದರು.

"ಹೋಗೂದು ಬ್ಯಾಡ ಅಂತ ನಾನು," ಎಂದರು.

ಅವರ ಬಾಯಲ್ಲಿ ಆ ಮಾತು ನಾನು ಅದೇ ಮೊದಲು ಕೇಳಿದ್ದು.

"ನನ್ನನ್ನ ಯಾರರ ತಡದ್ರ ನಾ ಜಗಳ ಆಡಬಹುದು. ಇದು ಹುಡುಗಿ ಬಾಳುವೆ. ನಾವು ಜಂಭದಿಂದ ಒಳಗ ಹೋಗಿ, ಅಲ್ಲಿ ಮುರೀತಂದ್ರ? ಆಮ್ಯಾಲೆ ಆಕಿ ಮುಖ ಹ್ಯಾಂಗ ನೋಡೂದು?"

ಅಕ್ಕೋರು ನಿಧಾನಕ್ಕೆ ಎದ್ದು ಕೂತರು. "ಮುರಿಯಂಗಿದ್ರ ಮದುವಿ ಮುಂಚೇನ ಮುರೀಲಿ. ನಾಳೆ ಆಕಿಗೆ ಒಂದಿನ ಜ್ವರ ಬಂದ್ರ, ಕಿಡ್ನಿ ಅಂತ ಹೆದರಿ ಆಕೀನೂ ಒಳಗ ಮುಚ್ಚಿಡ್ತಾರ. ನನ್ನ ಮುಚ್ಚಿಟ್ಟಂಗ." ಸ್ವಲ್ಪ ಸುಧಾರಿಸಿಕೊಂಡರು. "ನಾ ಬದುಕಿರೂದರಿಂದ ಆ ಹುಡುಗಿಗೆ ಕೆಡಕು ಆಗ್ತೈತಿ ಅನ್ನೂದಾದ್ರ, ಅದನ್ನ ಗಂಡಿನ ತಾಯಿ ನನ್ನ ಮುಂದ ಹೇಳಲಿ. ಗ್ವಾಡಿ ಹಿಂದ ಕುಂತು ನಾ ಒಪ್ಪಂಗಿಲ್ಲ. ಮತ್ತ ಇನ್ನೊಂದು. ನಾ ಅಕ್ಷತಾ ಹಾಕಿ ಹೋಳಿಗಿ ತಿಂದು ಬರಾಕ ಹೋಗಂಗಿಲ್ಲ. ಸುರಗಿ ಸುತ್ತಾಕ ಹೋಗೂದು."

ಸುರಗಿ ಎಂದರೆ, ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮದುವೆಯ ಬೆಳಗ್ಗೆ ಅಂಗಳದಲ್ಲಿ ಮದುಮಕ್ಕಳನ್ನು ನಡುವೆ ಕೂಡಿಸಿ, ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಐದು ಮಂದಿ ಮುತ್ತೈದೆಯರು ಒಬ್ಬೊಬ್ಬರು ಒಂದೊಂದು ಸಲದಂತೆ ಸುತ್ತಲೂ ಹಸಿ ನೂಲು ಸುತ್ತುವ ಶಾಸ್ತ್ರ. ಯಾರನ್ನು ಆ ಐವರಲ್ಲಿ ಸೇರಿಸುತ್ತಾರೆ ಎಂಬುದರ ಮೇಲೆ ಯಾರು ಮನೆಯವರು, ಯಾರು ಬರೀ ಬಂದವರು ಎಂಬುದು ತೀರ್ಮಾನವಾಗುತ್ತದೆ.

ಮದುವೆ ಶುಕ್ರವಾರ. ಗುರುವಾರ ಸಂಜೆ ಗಂಡಿನ ಕಡೆಯವರು ಬಸ್ಸಿನಲ್ಲಿ ಬಂದಿಳಿದು, ಕಾಲು ತೊಳೆದು, ಊಟದ ಹಾಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ ಕೂತಿದ್ದರು. ಹೊರಗೆ ಹಾರನ್ ಕೇಳಿತು. ಹುಡುಗಿಯ ಅಪ್ಪ ಚಹದ ಕಪ್ಪು ಕೆಳಗಿಟ್ಟು ಬಾಗಿಲ ಕಡೆ ನೋಡಿದ. ಹುಡುಗಿಯ ತಾಯಿ, ಅಕ್ಕೋರ ತಂಗಿ, ಇದ್ದಲ್ಲೇ ನಿಂತುಬಿಟ್ಟಳು. ಸ್ಕೂಟರು ಹಲಗೆ ಏರಿ ನೇರ ಒಳಗೆ ಬಂತು. ಅಕ್ಕೋರು ಆಗಷ್ಟೇ ಆಸ್ಪತ್ರೆಯಿಂದ ಬಂದದ್ದು, ಎಡಗೈಗೆ ಹತ್ತಿ ಇಟ್ಟು ಪಟ್ಟಿ ಅಂಟಿಸಿತ್ತು. ತಂಗಿಯನ್ನು ದಾಟಿ, ತಂಗಿಯ ಗಂಡನನ್ನು ದಾಟಿ, ಗಂಡಿನ ತಾಯಿಯ ಎದುರು ಕುರ್ಚಿ ಎಳೆದುಕೊಂಡು ಕೂತರು. ಆ ತಾಯಿ ದಪ್ಪನೆಯ ಹೆಂಗಸು. ಮೆಣಸಿನಕಾಯಿಯ ತೊಟ್ಟು ಹಿಡಿದ ಕೈ ಹಾಗೇ ನಿಂತಿತು.

"ಶರಣ್ರಿ. ನಾನು ಹುಡುಗಿ ದೊಡ್ಡವ್ವ."

"ಹುಡುಗಿಗೆ ದೊಡ್ಡಮ್ಮ ಇದಾರೆ ಅಂತ ನಮಗೆ ಯಾರೂ ಹೇಳೇ ಇಲ್ವಲ್ರಿ."

"ಅದಕ್ಕ ನಾನೇ ಹೇಳಾಕ ಬಂದೆ. ನನ್ನ ಎರಡೂ ಕಿಡ್ನಿ ಕೆಟ್ಟಾವ. ವಾರಕ್ಕ ಎರಡು ಸಲ ಮಿಷಿನ್ನಿಗೆ ಹೋಗ್ತೀನಿ. ಬಿ.ಪಿ. ಇತ್ತು, ಗುಳಿಗಿ ಸರಿಯಾಗಿ ನುಂಗಲಿಲ್ಲ, ಅದರಿಂದ ಹಿಂಗಾತು ಅಂತ ಡಾಕ್ಟ್ರು ಹೇಳ್ಯಾರ. ಹುಡುಗಿಗೆ ಏನೂ ಇಲ್ಲ. ಇವರು ನಮ್ಮ ಯಜಮಾನ್ರು. ಸಣ್ಣವರಿದ್ದಾಗ ಪೋಲಿಯೋ ಆಗಿತ್ತು. ಅದೂ ಹುಡುಗಿಗೆ ಬರಂಗಿಲ್ಲ, ಇವರು ನಮ್ಮ ಮನಿತನಕ್ಕ ಅಳಿಯ. ಇಷ್ಟ ಇರೂದು. ನಿಮಗ ಬ್ಯಾಡ ಅನಿಸಿದ್ರ ಈಗ ಅನ್ರಿ. ಒಪ್ಪಿದ್ರ ಮುಂದ ಎಂದೂ ಆ ಹುಡುಗಿಗೆ ಈ ಮಾತು ಅನಬ್ಯಾಡ್ರಿ."

ಗಂಡಿನ ಸೋದರಮಾವ, ಬಿಳಿ ಬಟ್ಟೆಯ ಮನುಷ್ಯ, ದಡಕ್ಕನೆ ಎದ್ದ.

"ಏನ್ರಿ ಬೀಗ್ರೆ ಇದು? ಮುಚ್ಚಿಟ್ಟು ಮದುವೆ ಮಾಡ್ತೀರಾ? ಏಯ್, ಬಸ್ ತಿರುಗ್ಸೋ!"

ಬಸ್ಸಿನವನು ಸೀಟಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದುದರಿಂದ ಬಸ್ಸು ತಿರುಗಲಿಲ್ಲ. ಅಷ್ಟರಲ್ಲಿ ಕೋಣೆಯಿಂದ ಹುಡುಗಿ ಬಂದಳು. ಎರಡೂ ಕೈಗೆ ಮೆಹಂದಿ, ಹಸಿ ಇದ್ದದ್ದರಿಂದ ಮುಂದೆ ಚಾಚಿಕೊಂಡೇ ಬಂದಳು. ದೊಡ್ಡವ್ವನ ಕುರ್ಚಿಯ ಪಕ್ಕ ನಿಂತಳು.

"ಈಕಿ ಮನ್ಯಾಗ ಎರಡು ವರ್ಷ ಉಂಡೀನಿ ನಾನು. ಈಕಿ ಬ್ಯಾಡಂದ್ರ ನಾನೂ ಬ್ಯಾಡ."

ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಪ್ರೆಸ್ಸಿನವರ ಮುಖ ನೋಡಿದೆ. ಅವರು ಹ್ಯಾಂಡಲ್ ಹಿಡಿದೇ ಕೂತಿದ್ದರು. ತಾವು ಅಂಜಿದ್ದು ಕಣ್ಣೆದುರಿಗೇ ನಡೆಯುತ್ತಿತ್ತು.

ಗಂಡಿನ ತಾಯಿ ಮೆಣಸಿನಕಾಯಿ ತಟ್ಟೆಗೆ ಹಾಕಿ, ಕೈ ಒರೆಸಿಕೊಂಡು, ತಮ್ಮನ ಕಡೆ ತಿರುಗಿದಳು.

"ಕೂತ್ಕಳಲೇ. ಮುಚ್ಚಿಟ್ಟ ಮಾತು ನೀನು ಎತ್ತಬ್ಯಾಡ."

"ಅಕ್ಕಾ, ಅದು..."

"ನಮ್ಮ ಹುಡುಗಂಗೆ ಎಡಗಿವಿ ಕೇಳಲ್ರಿ," ಎಂದಳು ಅಕ್ಕೋರಿಗೆ, ಊರಿಗೆಲ್ಲ ಕೇಳುವಂತೆ. "ಚಿಕ್ಕೋನಿದ್ದಾಗ ಕಿವಿ ಸೋರಿ ಹೋಯ್ತು. ನಾವೂ ಹೇಳಿರ್ಲಿಲ್ಲ. ಮದುವೆ ಆದಮ್ಯಾಲೆ ತಾನೇ ಗೊತ್ತಾಗ್ಲಿ ಅಂತ ಇದ್ವಿ."

ತಲೆಯ ಮೇಲೆ ಕೈ ಹೊತ್ತಿದ್ದ ಹುಡುಗಿಯ ಅಪ್ಪ ನೆಟ್ಟಗೆ ಎದ್ದು ನಿಂತ. ಮೋಸ ಹೋದ ಪ್ರಾಮಾಣಿಕನ ಕಳೆ ಅವನ ಮುಖದಲ್ಲಿ ಒಂದು ಕ್ಷಣಕ್ಕೆ ಬಂದುಬಿಟ್ಟಿತ್ತು. "ಏನಂದ್ರಿ? ಕಿವಿ ಕೇಳಂಗಿಲ್ಲಾ? ಇದು ನ್ಯಾಯಾನಾ?"

"ನೀನೂ ಕುಂದ್ರೋ," ಎಂದರು ಅಕ್ಕೋರು.

ಮದುಮಗ ಎಡಗಡೆ ಎಲ್ಲೋ ನಿಂತಿದ್ದವನು ತಾಯಿಯ ಹತ್ತಿರ ಬಂದು, "ಏನಂತಮ್ಮ? ಏನಾಯ್ತು?" ಎಂದು ಕೇಳಿದ. ಯಾರೋ ಕಿಸಕ್ಕೆಂದರು. ಪ್ರೆಸ್ಸಿನವರು ಹ್ಯಾಂಡಲ್ ಬಿಟ್ಟು ಮುಂದಕ್ಕೆ ಬಾಗಿದರು.

"ಎಡಗಿವಿ ಹೌದಲ್ರಿ?" ಎಂದರು. "ಹೆಂಡ್ತೀನ ಎಡಕ್ಕ ಕೂಡಸ್ತೀವಿ. ಬೈದದ್ದು ಏನೂ ಕೇಳಂಗಿಲ್ಲ. ಜಾತಕ ಭಾಳ ಚಲೋ ಕೂಡೈತಿ ಬಿಡ್ರಿ."

ಗಂಡಿನ ತಾಯಿ ನಕ್ಕಾಗ ಕುರ್ಚಿ ಕಿರುಗುಟ್ಟಿತು. ಬಿಳಿ ಬಟ್ಟೆಯ ಸೋದರಮಾವ ಮಾತ್ರ ನಗಲಿಲ್ಲ. ಅವನು ಮರುದಿನ ಊಟದಲ್ಲೂ ನಗಲಿಲ್ಲ. ಆದರೆ ಉಂಡ. ಮಂಟಪದ ಮ್ಯಾನೇಜರಾಗಿ ನಾನು ಅಷ್ಟನ್ನೇ ನೋಡುವುದು.

ಬೆಳಗ್ಗೆ ಅಂಗಳದಲ್ಲಿ ಸುರಗಿ. ನಾಲ್ವರು ಮುತ್ತೈದೆಯರು ಸುತ್ತಿ ಮುಗಿಸಿದರು. ಐದನೆಯವರಾಗಿ ಅಕ್ಕೋರ ಕೈಗೆ ನೂಲಿನ ಉಂಡೆ ಬಂತು. ಮೊದಲ ತಂಬಿಗೆ ದಾಟುವಷ್ಟರಲ್ಲಿ ಅವರ ಮೀನಖಂಡ ಸೆಟೆದುಕೊಂಡಿತು. ಡಯಾಲಿಸಿಸ್ ಮರುದಿನ ಹಾಗಾಗುವುದುಂಟು. ಅಲ್ಲೇ ಕಾಲು ಹಿಡಿದು ಕೂತರು.

"ಸಾಕು ಬಿಡ್ರಿ ಅಕ್ಕೋರ," ಎಂದರು ಶಾಸ್ತ್ರ ಮಾಡಿಸುವ ಅಯ್ಯನವರು. "ನೂಲು ಮುಟ್ಟಿದ್ರಲ್ಲ, ಸುತ್ತಿದಂಗ ಆತು."

"ಹ್ಯಾಂಗ ಆಗ್ತೈತ್ರಿ?" ಎಂದರು ಅಕ್ಕೋರು, ಹಲ್ಲು ಕಚ್ಚಿಕೊಂಡು. "ಎಲಿ ಮುಟ್ಟಿದ್ರ ಉಂಡಂಗ ಆಗ್ತೈತೇನು?"

ಚಪ್ಪರದ ಅಂಚಿನಲ್ಲಿ ಸ್ಕೂಟರು ಚಾಲೂ ಆಯಿತು. ಜನ ಸರಿದು ದಾರಿ ಬಿಟ್ಟರು. ಪ್ರೆಸ್ಸಿನವರು ಹೆಂಡತಿಯ ಪಕ್ಕಕ್ಕೆ ತಂದು ನಿಲ್ಲಿಸಿ, "ಹತ್ತಲೇ," ಎಂದರು.

"ಗಾಡಿ ಮ್ಯಾಲೆ ಕುಂತು ಸುರಗಿ ಸುತ್ತಿದ್ದು ನಾ ಎಲ್ಲೂ ನೋಡಿಲ್ರಿ," ಎಂದರು ಅಯ್ಯನವರು.

"ನಾವೂ ನೋಡಿಲ್ರಿ. ಎಲ್ಲಾರೂ ಕೂಡೇ ನೋಡೂಣು."

ಮಣ್ಣಿಗೆ ಉರುಳಿದ್ದ ನೂಲಿನ ಉಂಡೆಯನ್ನು ಎತ್ತಿ ತಂದುಕೊಟ್ಟವಳು ತಂಗಿ. ಹಿಂದಿನ ಸಂಜೆಯಿಂದ ಅಕ್ಕನ ಮುಖ ನೋಡಿರಲಿಲ್ಲ. ಕೊಟ್ಟ ಮೇಲೂ ಅಲ್ಲೇ ನಿಂತಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಸರಿಯೇ ಆ ಕಡಿ," ಎಂದರು ಅಕ್ಕೋರು. "ಕಾಲ ಮ್ಯಾಲೆ ಗಾಲಿ ಹಾಯ್ತೈತಿ. ಅಳೂದು ಆಮ್ಯಾಲೆ ಅಳುವಂತಿ."

ಗಾಡಿ ಹೊರಟಿತು. ಅಕ್ಕೋರು ಹಿಂದೆ ಅಡ್ಡ ಕೂತು, ಬಲಗೈಯಿಂದ ನೂಲು ಬಿಡುತ್ತ, ಎಡಗೈಯಿಂದ ಗಂಡನ ಭುಜ ಹಿಡಿದುಕೊಂಡು, "ನಿಧಾನ್ರಿ, ಇದೇನು ಕೂಡ್ಲಿಗಿ ರೋಡಲ್ಲ, ನೂಲು ಹರೀತೈತಿ," ಎನ್ನುತ್ತ ಒಂದೊಂದೇ ತಂಬಿಗೆ ದಾಟಿದರು. ಹೊಗೆಗೆ ಮದುಮಕ್ಕಳು ಕೆಮ್ಮಿದರು. ಓಲಗದವರು ಎಂಜಿನ್ನಿನ ಸದ್ದಿಗೆ ಸೋಲಬಾರದೆಂದು ಜೋರಾಗಿ ಊದಿದರು. ಗಂಡಿನ ತಾಯಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದಳು. ಸುತ್ತು ಮುಗಿಯಿತು. ನೂಲು ಹರಿಯಲಿಲ್ಲ. ಗಾಡಿಯೂ ನಿಲ್ಲಲಿಲ್ಲ.

ಅಯ್ಯನವರು ಎರಡೂ ಕೈ ಎತ್ತಿಕೊಂಡು ಹಿಂದೆ ಓಡಿದರು. "ಆತ್ರಿ, ಆತು! ಐದಾತು! ಆರು ಬರಂಗಿಲ್ರಿ ಅಕ್ಕೋರ, ಬೆಸ ಇರಬೇಕು!"

"ಹಂಗಾದ್ರ ಏಳು ಸುತ್ತತೀವಿ ತಗೋರಿ," ಎಂದರು ಅಕ್ಕೋರು. ಪ್ರೆಸ್ಸಿನವರು ಎಕ್ಸಲರೇಟರ್ ತಿರುವಿದರು.